ಓಹ್ರಿಡ್ ಊರನ್ನು ನೋಡುವ ಕ್ರಮ

ಉತ್ತರ ಮ್ಯಾಸಿಡೋನಿಯಾದ ನೈಋತ್ಯದಲ್ಲಿ, ಸರೋವರದ ದಡಕ್ಕೆ ಅಂಟಿಕೊಂಡಿರುವ ಓಹ್ರಿಡ್‌ಗೆ ರಾಜಧಾನಿ ಸ್ಕೋಪ್ಯೆಯಿಂದ ಬಸ್ಸಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಊರಿಗೊಂದು, ಸರೋವರಕ್ಕೊಂದು ಎಂದು ಕನಿಷ್ಠ ಎರಡು ದಿನ ಇಟ್ಟುಕೊಳ್ಳಿ.

ಮೊದಲ ದಿನ ಬೆಳಿಗ್ಗೆಯೇ ಹಳೆಯ ಊರಿನ ಮೇಲಿನ ಬಾಗಿಲಿಗೆ ಟ್ಯಾಕ್ಸಿಯಲ್ಲಿ ಹೋಗಿ, ಅಲ್ಲಿಂದ ನಡೆಯಲು ಆರಂಭಿಸುವುದು ಒಳ್ಳೆಯದು. ಕಲ್ಲುಹಾಸಿನ ಏರುದಾರಿಯ ಬಹುಪಾಲು ಶ್ರಮ ಇದರಿಂದ ತಪ್ಪುತ್ತದೆ. ಹತ್ತಿರದಲ್ಲೇ ಇರುವ, 1295ರಲ್ಲಿ ಕಟ್ಟಿದ ಪೆರಿಬ್ಲೆಪ್ಟೋಸ್ ಚರ್ಚಿಗೆ ಹೆಚ್ಚು ಸಮಯ ಕೊಡಿ. ಒಳಗೆ ಕಾಲಿಟ್ಟೊಡನೆ ಕತ್ತಲೆಯೇ ಕಾಣುತ್ತದೆ. ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಂತರೆ, ಕ್ರಿಸ್ತನ ದೇಹದ ಸುತ್ತ ಗೋಳಾಡುವವರ ಮುಖಗಳು ಗೋಡೆಯಿಂದ ಒಂದೊಂದಾಗಿ ಮೂಡಿಬರುತ್ತವೆ. ಮಿಖಾಯಿಲ್ ಮತ್ತು ಯೂಟಿಕಿಯೋಸ್ ಎಂಬ ಚಿತ್ರಕಾರರು ತಮ್ಮ ಹೆಸರನ್ನು ಚಿತ್ರಗಳ ಒಳಗೇ ಬರೆದಿಟ್ಟಿದ್ದಾರೆ. ಆ ಹೆಸರನ್ನು ಹುಡುಕಲು ಯೋಧಸಂತನ ಖಡ್ಗವನ್ನು ಗಮನವಿಟ್ಟು ನೋಡಿ.

ಚರ್ಚುಗಳಲ್ಲಿ ನಮ್ಮ ದೇವಸ್ಥಾನಗಳಂತೆ ಪಾದರಕ್ಷೆ ಕಳಚಬೇಕಿಲ್ಲ, ಆದರೆ ಭುಜ ಮತ್ತು ಮೊಣಕಾಲು ಮುಚ್ಚಿರಬೇಕು, ಗಂಡಸರು ಟೋಪಿ ತೆಗೆಯಬೇಕು. ಫೋಟೋ ತೆಗೆಯುವ ಮುನ್ನ ಬಾಗಿಲಲ್ಲಿರುವವರನ್ನು ಕೇಳಿಕೊಳ್ಳಿ.

ಸಾವಿರ ವರ್ಷದ ಹಿಂದಿನ ದೊರೆ ಸಾಮುಯಿಲನ ಕೋಟೆಯನ್ನು ಬೇಗನೆ ನೋಡಿ ಮುಗಿಸಿ ಪ್ಲಾಓಷ್ನಿಕ್ ಎಂಬ ಪುರಾತನ ತಾಣಕ್ಕೆ ಇಳಿಯಿರಿ. ಸ್ಲಾವ್ ಜನರಲ್ಲಿ ಕ್ರೈಸ್ತಧರ್ಮ ಸಾರಿದ ಸೋದರರಾದ ಸಿರಿಲ್ ಮತ್ತು ಮೆಥೋಡಿಯಸರ ಶಿಷ್ಯ ಕ್ಲಿಮೆಂಟ್ 9ನೆಯ ಶತಮಾನದ ಕೊನೆಯಲ್ಲಿ ಸ್ಲಾವ್ ಭಾಷೆಯ ಅಕ್ಷರ ಕಲಿಸಿದ್ದು ಇಲ್ಲಿಯೇ. ಈಗಿನ ಚರ್ಚು 2002ರಲ್ಲಿ ಹಳೆಯ ಅಡಿಪಾಯದ ಮೇಲೆ ಎದ್ದದ್ದು. ಅಲ್ಲಿಂದ ಪೈನ್ ಮರಗಳ ನಡುವೆ ಇಳಿದರೆ, ನೀರಿನ ಮೇಲಿನ ಬಂಡೆಯ ಅಂಚಿನಲ್ಲಿ ಕಾನೆಯೊದ ಸಂತ ಯೋಹಾನ್ ಚರ್ಚು ಸಿಗುತ್ತದೆ. ದಡದ ಮರದ ಹಲಗೆಯ ದಾರಿಯಲ್ಲಿ ಮರಳಿ, ಸಂತ ಸೋಫಿಯಾ ಚರ್ಚಿನಲ್ಲಿ ದಿನ ಮುಗಿಸಿ: ಮಸೀದಿಯಾಗಿದ್ದ ಕಾಲದಲ್ಲಿ ಸುಣ್ಣದಡಿ ಮರೆಯಾಗಿದ್ದ 11ನೆಯ ಶತಮಾನದ ಚಿತ್ರಗಳು 20ನೆಯ ಶತಮಾನದಲ್ಲಿ ಮತ್ತೆ ಬೆಳಕಿಗೆ ಬಂದವು.

ರಾತ್ರಿಯೂಟಕ್ಕೆ ಮೀನು ಬೇಕೆನಿಸಿದರೂ ಓಹ್ರಿಡ್ ಟ್ರೌಟ್ ಕೇಳಬೇಡಿ. ಈ ಸರೋವರದಲ್ಲಿ ಮಾತ್ರ ಹುಟ್ಟಿ ಬೆಳೆಯುವ ಆ ಮೀನು ಅತಿಯಾದ ಬೇಟೆಯಿಂದ ಕ್ಷೀಣಿಸಿದೆ.

ಎರಡನೆಯ ದಿನ ಸುಮಾರು 29 ಕಿಲೋಮೀಟರ್ ದಕ್ಷಿಣದ ಸಂತ ನೌಮ್ ಮಠಕ್ಕೆ, ಬೇಸಿಗೆಯಾದರೆ ದೋಣಿಯಲ್ಲಿ, ಹೋಗಿಬನ್ನಿ. ನೌಮನ ಸಮಾಧಿಗೆ ಕಿವಿಯಿಟ್ಟರೆ ಅವನ ಎದೆಬಡಿತ ಕೇಳಿಸುತ್ತದೆಂದು ಭಕ್ತರು ನಂಬುತ್ತಾರೆ. ಅವರು ಬಾಗಿ ನಿಂತಿರುವಾಗ ಮೌನವಾಗಿ ಕಾಯಿರಿ. ಮಠದ ಪಕ್ಕದ ಬುಗ್ಗೆಗಳಲ್ಲಿ ಹುಟ್ಟುದೋಣಿಯ ವಿಹಾರವನ್ನು ತಪ್ಪಿಸಬೇಡಿ. ಗಾಲಿಚಿತ್ಸಾ ಬೆಟ್ಟದಾಚೆ ಎತ್ತರದಲ್ಲಿರುವ ಪ್ರೆಸ್ಪಾ ಸರೋವರದ ನೀರು ಸುಣ್ಣಕಲ್ಲಿನೊಳಗೆ ಹರಿದು ಇಲ್ಲಿ ಹೊರಬರುತ್ತದೆ, ದೋಣಿಯ ಕೆಳಗೆ ಮರಳನ್ನು ಗುಳುಗುಳು ಎಬ್ಬಿಸುತ್ತಾ.