ಕಿಟಕಿ ಮುಚ್ಚಿದರೆ ಮಳೆ ಹೇಗೆ ಕೇಳುತ್ತದೆ? ಫಿಲ್ಟರ್ ಪೆಡಲ್ ಬಳಸುವ ಬಗೆ

ಜುಲೈಯಲ್ಲಿ ಮಳೆ ಜೋರಾಗಿ ಹಿಡಿದ ಒಂದು ದಿನ ಕಿಟಕಿ ತೆರೆದಿಟ್ಟು ಕುಳಿತು ಕೇಳಿ. ಹೆಂಚಿನ ಮೇಲೆ, ತೆಂಗಿನ ಗರಿಯ ಮೇಲೆ ಬೀಳುವ ನೀರಿಗೆ ಒಂದೇ ಶಬ್ದ ಅಲ್ಲ. ಮೇಲೆ ‘ಸರ್ರ್’ ಅನ್ನುವ ಚೂಪು ಶಬ್ದ. ಅದರಡಿಯಲ್ಲಿ ‘ಧೋ’ ಅನ್ನುವ ದಪ್ಪ ಶಬ್ದ. ಈಗ ಕಿಟಕಿಯನ್ನು ನಿಧಾನವಾಗಿ ಮುಚ್ಚುತ್ತಾ ಬನ್ನಿ. ಮಳೆ ಕಡಿಮೆಯಾಗಲಿಲ್ಲ. ಆದರೆ ‘ಸರ್ರ್’ ಮೊದಲು ಹೋಯಿತು, ‘ಧೋ’ ಉಳಿಯಿತು. ಲೋ-ಪಾಸ್ ಫಿಲ್ಟರ್ ಅಂದರೆ ಇಷ್ಟೇ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಜೋಡಿಸಿ ಕಾಲಲ್ಲಿ ಒತ್ತುವ ಡಬ್ಬಿಗೆ ಪೆಡಲ್ ಅನ್ನುತ್ತಾರೆ. ಫಿಲ್ಟರ್ ಪೆಡಲ್ ಅಂದರೆ ಆ ಡಬ್ಬಿಯೊಳಗೆ ಕೂತ ಒಂದು ಕಿಟಕಿ.

ನಾನು ಬೇಸ್ ಗಿಟಾರ್ ನುಡಿಸುವವನು. ಜಾತ್ರೆಯ ರಸಮಂಜರಿ, ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮದುವೆಗೆ ಮೊದಲು ನಡೆಯುವ ರೋಸ್, ಕಾಲೇಜಿನ ವಾರ್ಷಿಕೋತ್ಸವ ಅಂತ ಮಂಗಳೂರಿನಿಂದ ಕುಂದಾಪುರದವರೆಗೆ ತಿರುಗಿದ್ದೇನೆ. ನಮ್ಮ ಕಡೆ ಗಿಟಾರಿಗೆ ಬರವಿಲ್ಲ. ಪೆಡಲಿಗೂ ಇಲ್ಲ. ಆದರೆ ಫಿಲ್ಟರ್ ಪೆಡಲ್ ಕೊಂಡ ಹುಡುಗರು ಎರಡು ವಾರದಲ್ಲಿ ಅದನ್ನು ಮಾರಲು ಇಡುತ್ತಾರೆ. ‘ಎಂತ ಮಾರಾಯ್ರೆ, ಏನು ನುಡಿಸಿದ್ರೂ ಬಾತುಕೋಳಿ ಕೂಗಿದ ಹಾಗೆ ಕೇಳ್ತದೆ’ ಅನ್ನುವುದು ದೂರು. ಪೆಡಲ್ ಸರಿಯಾಗಿಯೇ ಇರುತ್ತದೆ. ಇದ್ದಬದ್ದ ನಾಬ್‌ಗಳನ್ನೆಲ್ಲ ಒಟ್ಟಿಗೆ ತಿರುಗಿಸಿರುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫಿಲ್ಟರ್ ಹೊಸದಾಗಿ ಏನನ್ನೂ ತಂದು ಹಾಕುವುದಿಲ್ಲ. ಇದ್ದದ್ದರಲ್ಲಿ ಬೇಡದ್ದನ್ನು ತೆಗೆಯುತ್ತದೆ. ಗಿಟಾರಿನ ದಪ್ಪ ತಂತಿ ಮೀಟಿದರೆ 82 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 82 ಕಂಪನದ ಸ್ವರ ಬರುತ್ತದೆ ಅನ್ನುತ್ತೇವೆ. ಅದರ ಜೊತೆಗೆ ಸುಮಾರು 165, 247, 330 ಅಂತ ಮೇಲಿನ ಉಪಸ್ವರಗಳೂ ಸಾಲಾಗಿ ಬರುತ್ತವೆ. ಸ್ವರದ ಬಣ್ಣ ಇರುವುದು ಅವುಗಳಲ್ಲಿ. ಫಿಲ್ಟರ್ ಕೆಲಸ ಮಾಡುವುದೂ ಅವುಗಳ ಮೇಲೆ. ಹಾಗಾಗಿ ಎರಡು ವರ್ಷದ ತುಕ್ಕು ಹಿಡಿದ ತಂತಿ ಇಟ್ಟುಕೊಂಡು ಪೆಡಲನ್ನು ಬೈಯಬೇಡಿ. ಸತ್ತ ತಂತಿಯಲ್ಲಿ ಮೇಲಿನ ಉಪಸ್ವರ ತೀರಾ ಕಡಿಮೆ. ಕಿಟಕಿ ಇದೆ, ಹೊರಗೆ ಮಳೆಯೇ ಇಲ್ಲ ಅಂದ ಹಾಗೆ.

ಅಂದ ಹಾಗೆ, ನಿಮ್ಮ ಎಲೆಕ್ಟ್ರಿಕ್ ಗಿಟಾರಿನಲ್ಲೇ ಒಂದು ಫಿಲ್ಟರ್ ಆಗಲೇ ಉಂಟು. ಅದೇ ಟೋನ್ ನಾಬ್. ಒಂದು ವೇರಿಯಬಲ್ ರೆಸಿಸ್ಟರ್, ಒಂದು ಕೆಪಾಸಿಟರ್, ಮುಗಿಯಿತು. ಅನಲಾಗ್ ಪೆಡಲ್ ಅದರ ದೊಡ್ಡಣ್ಣ. ಶಬ್ದವನ್ನು ಅಂಕೆಗಳಾಗಿ ಬದಲಿಸದೆ, ಕರೆಂಟಾಗಿಯೇ ಇಟ್ಟುಕೊಂಡು ಸೋಸುತ್ತದೆ.

ಜೋಡಿಸುವ ಮೊದಲು

ಪವರ್ ವಿಷಯ ಬೇಗ ಮುಗಿಸೋಣ. ಹೆಚ್ಚಿನ ಪೆಡಲ್‌ಗಳಿಗೆ 9 ವೋಲ್ಟ್ ಬೇಕು, ಪಿನ್ನಿನ ನಡುಭಾಗ ಮೈನಸ್. ಆದರೆ ಎಲ್ಲಕ್ಕೂ ಹಾಗಲ್ಲ. ಪೆಡಲಿನ ಬೆನ್ನಲ್ಲಿ ಪುಟ್ಟ ಚಿತ್ರ ಇರುತ್ತದೆ, ನೋಡಿ. ಪಿನ್ ಕೂರುತ್ತದೆ ಅಂತ ಕೀಬೋರ್ಡಿನ ಅಡಾಪ್ಟರ್ ಚುಚ್ಚಬೇಡಿ.

ಆಂಪ್ಲಿಫೈಯರನ್ನು ಶಬ್ದ ಒಡೆಯದ ಕ್ಲೀನ್ ಚಾನಲ್‌ನಲ್ಲಿ ಇಡಿ. ಬೇರೆ ಪೆಡಲ್‌ಗಳೆಲ್ಲ ಬದಿಗೆ. ಈಗ ಫಿಲ್ಟರಿನ ಕಟ್ಆಫ್ ನಾಬ್ ಪೂರ್ತಿ ಬಲಕ್ಕೆ, ರೆಸೊನೆನ್ಸ್ ಪೂರ್ತಿ ಎಡಕ್ಕೆ, ಎನ್ವಲಪ್ ಸೊನ್ನೆ. ಈ ಮೂರೂ ಏನು ಅಂತ ಮುಂದೆ ಒಂದೊಂದಾಗಿ ಹೇಳುತ್ತೇನೆ. ಮೂಲ ಶಬ್ದವನ್ನೂ ಸೋಸಿದ ಶಬ್ದವನ್ನೂ ಬೆರೆಸುವ ಮಿಕ್ಸ್ ಅಂತ ಒಂದಿದ್ದರೆ ಅದು ಪೂರ್ತಿ ಫಿಲ್ಟರಿನ ಕಡೆಗೆ. ಪೆಡಲ್ ಒತ್ತಿದರೂ ಒತ್ತದಿದ್ದರೂ ಶಬ್ದ ಹೆಚ್ಚುಕಡಿಮೆ ಒಂದೇ ಇರಬೇಕು. ಅದು ಬರುವವರೆಗೆ ಮುಂದೆ ಹೋಗಬೇಡಿ. ಒಳಗೆ ಬರುವ ಶಬ್ದ ಎಷ್ಟು ಜೋರಿರಬೇಕು ಅನ್ನುವುದಕ್ಕೆ ಡ್ರೈವ್ ನಾಬ್. ಒತ್ತಿದಾಗ ಒಡೆದ ಶಬ್ದ ಬಂದರೆ ಅದನ್ನು ಇಳಿಸಿ. ತೀರಾ ಸಣ್ಣಗೆ ಬಂದರೆ ಏರಿಸಿ. ಈ ಡ್ರೈವ್ ನಾಬ್ ಸರಿ ಕೂರದಿದ್ದರೆ ಮುಂದೆ ಹೇಳುವ ಯಾವುದೂ ಸರಿ ಬರುವುದಿಲ್ಲ.

ಕಟ್ಆಫ್ ಕಲಿಯಲು ತಂಬೂರಿ

ಗಿಟಾರ್ ಮೀಟಿದರೆ ಸ್ವರ ಆರಿಹೋಗುತ್ತದೆ. ಒಂದು ಕೈ ತಂತಿಗೆ, ಒಂದು ಕೈ ನಾಬಿಗೆ. ಕಿವಿಗೆ ಪುರುಸೊತ್ತೇ ಇಲ್ಲ. ಹಾಗಾಗಿ ನಾನು ಒಂದು ಉಪಾಯ ಮಾಡುತ್ತೇನೆ. ಪಕ್ಕದ ಮನೆಯಲ್ಲಿ ಸಂಗೀತ ಕಲಿಯುವ ಮಕ್ಕಳಿದ್ದರೆ ಎಲೆಕ್ಟ್ರಾನಿಕ್ ತಂಬೂರಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಫೋನಿನಲ್ಲಿ ತಂಬೂರಿ ಆ್ಯಪ್ ಸಾಕು. ಅದರ ಹೆಡ್‌ಫೋನ್ ತೂತಿನಿಂದ ವಯರ್ ತಂದು ಪೆಡಲಿಗೆ ಕೊಡಿ. ವಾಲ್ಯೂಮ್ ಸೊನ್ನೆಯಿಂದ ಶುರು ಮಾಡಿ, ಜಾಸ್ತಿ ಬೇಡ. ತಂಬೂರಿ ಉಪಸ್ವರಗಳ ಗಣಿ. ನಿಲ್ಲದೆ ಮೊರೆಯುತ್ತಿರುತ್ತದೆ. ನಿಮ್ಮ ಎರಡೂ ಕೈ ಖಾಲಿ.

ಈಗ ಕಟ್ಆಫ್ ನಾಬನ್ನು ಬಲದಿಂದ ಎಡಕ್ಕೆ ತಿರುಗಿಸಿ. ಒಂದೇ ಸಲಕ್ಕಲ್ಲ, ಒಂದು ನಿಮಿಷ ತೆಗೆದುಕೊಳ್ಳಿ. ಮೊದಲು ಝೇಂಕಾರ ಹೋಗುತ್ತದೆ. ಆಮೇಲೆ ತಂತಿಯ ಲೋಹದ ಗುಣ ಹೋಗುತ್ತದೆ. ಇನ್ನೂ ಇಳಿಸಿದರೆ ಮದುವೆ ಹಾಲಿನ ಹೊರಗೆ ನಿಂತು ಕೇಳಿದ ಹಾಗೆ, ಗೋಡೆಯ ಆಚೆಯ ಗುಂಯ್ ಮಾತ್ರ. ಕಟ್ಆಫ್ ಅಂದರೆ ಎಲ್ಲಿಂದ ಮೇಲೆ ಕತ್ತರಿಸಬೇಕು ಅನ್ನುವ ಗೆರೆ. ಸರಳ ಫಿಲ್ಟರಿನಲ್ಲಿ ಈ ಗೆರೆಯನ್ನು ಹಾಕುವುದು ರೆಸಿಸ್ಟರ್ ಮತ್ತು ಕೆಪಾಸಿಟರ್. 10 ಕಿಲೋಓಮ್ ಮತ್ತು 10 ನ್ಯಾನೋಫ್ಯಾರಡ್ ಜೋಡಿಸಿದರೆ ಗೆರೆ ಬೀಳುವುದು ಸುಮಾರು 1,600 ಹರ್ಟ್ಸ್‌ಗೆ. ರೆಸಿಸ್ಟರಿನ ಬೆಲೆ ಬದಲಾದರೆ ಗೆರೆಯೂ ಸರಿಯುತ್ತದೆ.

ಗೆರೆಯ ಮೇಲಿನದ್ದು ಚಾಕುವಿನಲ್ಲಿ ಕೊಯ್ದ ಹಾಗೆ ಹೋಗುವುದಿಲ್ಲ. ಗುಡ್ಡದಿಂದ ಇಳಿದ ಹಾಗೆ ಇಳಿಯುತ್ತದೆ. ಪೆಡಲಿನಲ್ಲಿ 2-ಪೋಲ್, 4-ಪೋಲ್ ಅನ್ನುವ ಸ್ವಿಚ್ ಇದ್ದರೆ ಅದು ಈ ಗುಡ್ಡ ಎಷ್ಟು ಕಡಿದು ಅನ್ನುವ ಲೆಕ್ಕ. ಒಂದು ಪೋಲಿಗೆ, ಒಂದು ಸ್ಥಾಯಿ ಮೇಲೇರಿದರೆ, ಅಂದರೆ ಹರ್ಟ್ಸ್ ಎರಡರಷ್ಟಾದರೆ, 6 ಡೆಸಿಬಲ್ ಇಳಿತ. 4-ಪೋಲ್ ಅಂದರೆ 24 ಡೆಸಿಬಲ್. ವೋಲ್ಟೇಜ್ ಲೆಕ್ಕದಲ್ಲಿ ಸುಮಾರು 1/16ಕ್ಕೆ ಇಳಿದ ಹಾಗೆ. 2-ಪೋಲ್‌ನಲ್ಲಿ ಅದು ಸುಮಾರು 1/4. ಗಿಟಾರಿಗೆ ನನಗೆ 2-ಪೋಲ್ ಇಷ್ಟ, ಉಸಿರಾಡಲು ಜಾಗ ಇರುತ್ತದೆ. ಬೇಸಿಗೆ 4-ಪೋಲ್. ಗುಡ್ಡ ಕಡಿದಾದಷ್ಟೂ ಸಿಂಥಸೈಜರ್, ಅಂದರೆ ಕರೆಂಟಿನಿಂದಲೇ ಸ್ವರ ಹುಟ್ಟಿಸುವ ವಾದ್ಯದ ಗುಣ ಬರುತ್ತದೆ.

ಆ ಗುಣ ಬರುವುದಕ್ಕೆ ಕಾರಣವೂ ಉಂಟು. ರಾಬರ್ಟ್ ಮೂಗ್ ತಮ್ಮ ಸಿಂಥಸೈಜರಿಗೆ ಮಾಡಿದ 4-ಪೋಲ್ ಫಿಲ್ಟರಿಗೆ 1969ರಲ್ಲಿ ಪೇಟೆಂಟ್ ಸಿಕ್ಕಿತು. ಟ್ರಾನ್ಸಿಸ್ಟರ್ ಜೋಡಿಗಳು ಒಂದರ ಮೇಲೊಂದು, ನಡುವೆ ಮೆಟ್ಟಿಲಿನಂತೆ ಕೆಪಾಸಿಟರ್. ಚಿತ್ರ ನೋಡಿದರೆ ಥೇಟ್ ಏಣಿ. ಹೆಸರೂ ಲ್ಯಾಡರ್ ಫಿಲ್ಟರ್. ಅದೇ ಏಣಿಯನ್ನು ಡಬ್ಬಿಯಲ್ಲಿ ಹಾಕಿ ಗಿಟಾರಿನವರಿಗೂ ಸಿಗುವ ಹಾಗೆ ಮಾಡಿದ್ದು ಮೂಗ್ ಅವರದೇ 1998ರ ಪೆಡಲ್ ಎಂಎಫ್-101. ಮರದ ಬದಿಗಳಿರುವ ಅಂದದ ಪೆಡಲ್. ಈಗ ತಯಾರಾಗುವುದಿಲ್ಲ. ಆದರೆ ಕಟ್ಆಫ್, ರೆಸೊನೆನ್ಸ್, ಎನ್ವಲಪ್, ಮಿಕ್ಸ್ ಅನ್ನುವ ಅದರ ನಾಬ್‌ಗಳ ಲೆಕ್ಕಾಚಾರ ಗೊತ್ತಾದರೆ ಬೇರೆ ಯಾವ ಫಿಲ್ಟರ್ ಪೆಡಲೂ ಹೊಸದೆನಿಸುವುದಿಲ್ಲ.

ಶಿಳ್ಳೆ ಹೊಡೆಯುವ ನಾಬ್

ರೆಸೊನೆನ್ಸ್ ಮುಟ್ಟುವ ಮೊದಲು ಬಾಯಿಯಲ್ಲಿ ಒಂದು ಆಟ ಆಡಿ. ಒಂದೇ ಶ್ರುತಿ ಹಿಡಿದು ‘ಊ… ಆ… ಈ…’ ಅನ್ನಿ. ಶ್ರುತಿ ಬದಲಾಗುವುದಿಲ್ಲ, ಬಣ್ಣ ಮಾತ್ರ ಬದಲಾಗುತ್ತದೆ ಅಲ್ವಾ? ಬಾಯಿಯ ಆಕಾರ ಕೆಲವು ಉಪಸ್ವರಗಳನ್ನು ಎತ್ತಿ ಹಿಡಿಯುತ್ತದೆ. ರೆಸೊನೆನ್ಸ್ ಮಾಡುವುದೂ ಇದನ್ನೇ. ಕಟ್ಆಫ್ ಗೆರೆಯ ಹತ್ತಿರ ಇರುವ ಶಬ್ದವನ್ನು ಎತ್ತಿ ತೋರಿಸುತ್ತದೆ. ಆ ಎತ್ತರವನ್ನು ಕಾಲಿನಿಂದ ಹಿಂದೆಮುಂದೆ ಸರಿಸಿದರೆ ‘ವಾವ್ ವಾವ್’. ವಾ-ವಾ ಪೆಡಲಿಗೆ ಆ ಹೆಸರು ಸುಮ್ನೆ ಬಂದದ್ದಲ್ಲ.

ತಂಬೂರಿ ಇನ್ನೂ ಓಡುತ್ತಿರಲಿ. ರೆಸೊನೆನ್ಸನ್ನು ಗಡಿಯಾರದ ಹನ್ನೆರಡರ ಜಾಗಕ್ಕೆ ತಂದು ಮತ್ತೆ ಕಟ್ಆಫ್ ತಿರುಗಿಸಿ. ಈಗ ಉಪಸ್ವರಗಳು ಒಂದೊಂದಾಗಿ ಹೆಸರು ಕರೆದ ಹಾಗೆ ಎದ್ದು ನಿಲ್ಲುತ್ತವೆ. ಷಡ್ಜ, ಪಂಚಮ, ಮೇಲಿನ ಷಡ್ಜ, ಅದರ ಮೇಲೆ ಗಾಂಧಾರ. ಮೊದಲ ಸಲ ಕೇಳಿದಾಗ ನಾನು ರಾತ್ರಿ ಊಟ ಬಿಟ್ಟು ಇದನ್ನೇ ಆಡುತ್ತಾ ಕುಳಿತಿದ್ದೆ.

ಆದರೆ ನಾಬನ್ನು ಕೊನೆಯವರೆಗೆ ಒಯ್ದರೆ ಅನೇಕ ಪೆಡಲ್‌ಗಳು ತಾವೇ ಶಿಳ್ಳೆ ಹೊಡೆಯಲು ಶುರು ಮಾಡುತ್ತವೆ. ತಂತಿ ಮುಟ್ಟುವುದೇ ಬೇಡ. ಹೊರಗೆ ಹೋಗುವ ಶಬ್ದ ಒಳಗೇ ಸುತ್ತಿ ಬಂದು ತನ್ನನ್ನು ತಾನೇ ಎಬ್ಬಿಸಿಕೊಳ್ಳುತ್ತದೆ. ಉಡುಪಿ ಕಡೆಯ ಒಂದು ಜಾತ್ರೆಯಲ್ಲಿ ಕತ್ತಲಲ್ಲಿ ನನ್ನ ಚಪ್ಪಲಿ ತಾಗಿ ಈ ನಾಬ್ ತಿರುಗಿತು. ದೊಡ್ಡ ಸ್ಪೀಕರ್‌ನಲ್ಲಿ ‘ಕೂಂಯ್’ ಅಂತ ಶಿಳ್ಳೆ. ಮೈಕಿನವರು ಗಾಯಕಿಯ ಮೈಕ್ ಕೂಗುತ್ತಿದೆ ಅಂದುಕೊಂಡು ಅದನ್ನೇ ಬಂದ್ ಮಾಡಿದರು. ಪಲ್ಲವಿ ಪೂರ್ತಿ ಶಿಳ್ಳೆಯೇ ಹಾಡಿತು. ಈ ಶಿಳ್ಳೆ ಸ್ಪೀಕರಿಗೂ ಒಳ್ಳೆಯದಲ್ಲ, ಕಿವಿಗೂ ಅಲ್ಲ. ಮನೆಯಲ್ಲಿ ವಾಲ್ಯೂಮ್ ಇಳಿಸಿ ಆಡಿ ನೋಡಿ. ವೇದಿಕೆಯಲ್ಲಿ ಎರಡರ ಜಾಗ ದಾಟಬೇಡಿ.

ಬೇಸಿನವರಿಗೆ ಇನ್ನೊಂದು ಮಾತು. ಲ್ಯಾಡರ್ ಫಿಲ್ಟರಿನಲ್ಲಿ ರೆಸೊನೆನ್ಸ್ ಏರಿಸಿದಂತೆ ಅಡಿಯ ದಪ್ಪ ಸೊರಗುತ್ತದೆ. ಅದು ಆ ಸರ್ಕ್ಯೂಟಿನ ಗುಣ, ರಿಪೇರಿಗೆ ಕೊಡಬೇಡಿ. ಮಿಕ್ಸ್ ನಾಬಿನಲ್ಲಿ ಸ್ವಲ್ಪ ಮೂಲ ಶಬ್ದ ಬೆರೆಸಿದರೆ ಹೊಟ್ಟೆ ತುಂಬುತ್ತದೆ.

ಬೆರಳಿಗೆ ಕಿವಿಗೊಡುವ ಪೆಡಲ್

ಇಷ್ಟರವರೆಗೆ ಕಿಟಕಿಯನ್ನು ತಿರುಗಿಸಿದ್ದು ನೀವು. ಎನ್ವಲಪ್ ಏರಿಸಿದರೆ ನಿಮ್ಮ ಮೀಟು ತಿರುಗಿಸುತ್ತದೆ. ಜೋರಾಗಿ ಮೀಟಿದರೆ ಕಿಟಕಿ ಅಗಲ ತೆರೆಯುತ್ತದೆ, ಸ್ವರ ಆರಿದಂತೆ ಮುಚ್ಚಿಕೊಳ್ಳುತ್ತದೆ. ಮೈಕ್ ಬೈಗೆಲ್ ಎಂಬ ಎಂಜಿನಿಯರ್ 1972ರಲ್ಲಿ ಮಾಡಿದ ಮ್ಯೂ-ಟ್ರಾನ್ 3 ಪೆಡಲಿನಲ್ಲಿ ಇದಕ್ಕೊಂದು ಚಂದದ ದಾರಿ ಇತ್ತು. ಮೀಟಿನ ಜೋರಿಗೆ ತಕ್ಕಂತೆ ಒಳಗೊಂದು ಪುಟ್ಟ ಎಲ್‌ಇಡಿ ಬೆಳಗುತ್ತದೆ. ಆ ಬೆಳಕು ಬಿದ್ದ ಫೋಟೋಸೆಲ್‌ನ ರೆಸಿಸ್ಟನ್ಸ್ ಬದಲಾಗುತ್ತದೆ. ಕಟ್ಆಫ್ ಸರಿಯುತ್ತದೆ. ನಿಮ್ಮ ಬೆರಳು ಡಬ್ಬಿಯೊಳಗೆ ದೀಪ ಹಚ್ಚಿ ಆರಿಸುತ್ತಿದೆ ಅಂದ ಹಾಗಾಯಿತು.

ಬಾತುಕೋಳಿ ಹುಟ್ಟುವುದು ಇಲ್ಲೇ. ಎನ್ವಲಪ್ ಪೂರ್ತಿ ಕೊಟ್ಟು ಆಮೇಲೆ ಉಳಿದದ್ದನ್ನು ಸರಿ ಮಾಡಲು ಹೋದರೆ ಎಂದೂ ಸರಿಯಾಗುವುದಿಲ್ಲ. ತಂಬೂರಿ ತೆಗೆದು ನಿಮ್ಮ ವಾದ್ಯ ಜೋಡಿಸಿ. ಎನ್ವಲಪ್ ಸೊನ್ನೆ. ನೀವು ಹಾಡಿನಲ್ಲಿ ಅತಿ ಮೆಲ್ಲಗೆ ಮೀಟುವುದು ಹೇಗೋ ಹಾಗೆ ಮೀಟುತ್ತಾ ಇರಿ. ಆ ಮೀಟಿಗೆ ಚಂದ ಕೇಳುವ ಜಾಗಕ್ಕೆ ಕಟ್ಆಫ್ ಇಳಿಸಿ. ಸ್ವಲ್ಪ ಮಂಕಾಗಿರಲಿ, ಪರವಾಗಿಲ್ಲ. ಈಗ ನಿಮ್ಮ ಅತಿ ಜೋರಿನ ಮೀಟು ಹೊಡೆಯಿರಿ. ಅದನ್ನೇ ಹೊಡೆಯುತ್ತಾ ಎನ್ವಲಪ್ ಏರಿಸಿ. ಕಿಟಕಿ ಪೂರ್ತಿ ತೆರೆಯಿತು ಅನ್ನಿಸಿದ ಕಡೆ ನಿಲ್ಲಿಸಿ, ಒಂದು ಕೂದಲೆಳೆ ಹಿಂದೆ ಬನ್ನಿ. ಎರಡು ತುದಿ ಸರಿಯಾದರೆ ನಡುವಿನ ಮೀಟುಗಳೆಲ್ಲ ತಾವಾಗಿಯೇ ಬೇರೆ ಬೇರೆ ಬಣ್ಣ ಪಡೆಯುತ್ತವೆ. ಇಲ್ಲಿಯವರೆಗೆ ಒಂದು ಗಂಟೆ ಹೋದರೂ ಹೋಗಲಿ. ಪೆಡಲಿಗೆ ಕೊಟ್ಟ ದುಡ್ಡು ವಸೂಲಾಗುವುದು ಈ ಗಂಟೆಯಲ್ಲಿ.

ಫಾಸ್ಟ್, ಸ್ಮೂತ್ ಅನ್ನುವ ಸ್ವಿಚ್ ಇದ್ದರೆ ಗಿಟಾರಿನ ಚುರುಕು ರಿದಮಿಗೆ ಫಾಸ್ಟ್. ಬೇಸಿಗೆ ಸ್ಮೂತ್. ಬೇಸಿನ ದಪ್ಪ ತಂತಿ 41 ಹರ್ಟ್ಸ್, ಅಂದರೆ ಒಂದು ಅಲೆಗೆ 24 ಮಿಲಿಸೆಕೆಂಡ್. ಎನ್ವಲಪ್ ತುಂಬ ಚುರುಕಾದರೆ ಮೀಟನ್ನು ಬಿಟ್ಟು ಒಂದೊಂದು ಅಲೆಯ ಹಿಂದೆ ಓಡುತ್ತದೆ. ಸ್ವರ ಗರಗರ ಅನ್ನುತ್ತದೆ.

ಬೇರೆ ಪೆಡಲ್‌ಗಳ ಜೊತೆ ಎಲ್ಲಿ ಇಡಬೇಕು? ಕಂಪ್ರೆಸರಿಗಿಂತ ಮೊದಲು, ಇದರಲ್ಲಿ ಚರ್ಚೆ ಬೇಡ. ಕಂಪ್ರೆಸರ್ ಜೋರು-ಮೆಲ್ಲಗಿನ ವ್ಯತ್ಯಾಸವನ್ನೇ ಒತ್ತಿಬಿಡುತ್ತದೆ. ಆಮೇಲೆ ಫಿಲ್ಟರಿಗೆ ಓದಲು ಏನು ಉಳಿಯಿತು? ಶಬ್ದವನ್ನು ಬೇಕೆಂದೇ ಒಡೆಸುವ ಓವರ್‌ಡ್ರೈವ್ ಪೆಡಲ್ ಮಾತ್ರ ಇಕ್ಕಟ್ಟಿನದ್ದು. ಅದನ್ನು ಮೊದಲು ಇಟ್ಟರೆ ಉಪಸ್ವರ ತುಂಬಿ ಬರುತ್ತದೆ, ಫಿಲ್ಟರಿಗೆ ಹಬ್ಬದೂಟ. ಆದರೆ ಮೀಟಿನ ಏರಿಳಿತ ಚಪ್ಪಟೆಯಾಗುತ್ತದೆ. ನಾನು ಓವರ್‌ಡ್ರೈವ್ ಮೊದಲು ಇಟ್ಟ ದಿನ ಎನ್ವಲಪ್ ಬಂದ್ ಮಾಡಿ, ಎಕ್ಸ್‌ಪ್ರೆಷನ್ ಪೆಡಲ್ ಜೋಡಿಸಿ ಕಾಲಿನಲ್ಲೇ ಕಟ್ಆಫ್ ಸರಿಸುತ್ತೇನೆ.

ಕದ್ರಿ ಗೋಪಾಲನಾಥ್ ಅವರ ಊರಲ್ಲಿ ಇದ್ದು ಸ್ಯಾಕ್ಸೊಫೋನಿಗೂ ಹಾಕಬಹುದಾ ಅಂತ ಕೇಳದವರಿಲ್ಲ. ಹಾಕಬಹುದು, ಅದರಲ್ಲಿ ಉಪಸ್ವರ ಬೇಕಾದಷ್ಟಿದೆ. ಆದರೆ ಮೈಕಿನ ಶಬ್ದ ತುಂಬ ಸಣ್ಣದು, ನಡುವೆ ಅದನ್ನು ಏರಿಸಿ ಕೊಡುವ ಪ್ರೀಆಂಪ್ ಬೇಕು. ಮತ್ತೆ ಮೈಕಿಗೆ ಪಕ್ಕದ ಡ್ರಮ್ಮೂ ಕೇಳುತ್ತದೆ. ನೀವು ಉಸಿರು ಎಳೆಯುತ್ತಿರುವಾಗ ಡ್ರಮ್ಮಿನ ಏಟಿಗೆ ಕಿಟಕಿ ತೆರೆದುಕೊಳ್ಳುತ್ತದೆ. ಮ್ಯಾಂಡೊಲಿನ್, ವಯಲಿನ್‌ಗೆ ವಾದ್ಯದ ಕಂಪನವನ್ನೇ ಹಿಡಿಯುವ ಪೀಜೊ ಪಿಕಪ್ ಇದ್ದರೆ ಅದಕ್ಕೂ ಪ್ರೀಆಂಪ್ ಇಡಿ. ಇಲ್ಲದಿದ್ದರೆ ಶಬ್ದ ತಗಡಿನ ಹಾಗೆ ತೆಳ್ಳಗಾಗುತ್ತದೆ.

ಕರಾವಳಿಗೆ ಮಾತ್ರ

ಪೆಡಲ್ ಸರಿ ಕೂತ ದಿನ ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಅನಲಾಗ್ ಪೆಡಲಿಗೆ ನೆನಪಿನ ಶಕ್ತಿ ಇಲ್ಲ. ಹೋದ ವಾರ ನಾಬ್ ಎಲ್ಲಿತ್ತು ಅಂತ ಅದು ಹೇಳುವುದಿಲ್ಲ.

ಜಾತ್ರೆಯಲ್ಲಿ ಗುಂಯ್‌ಗುಟ್ಟುವ ಶಬ್ದ ಬಂದರೆ ಸೀರಿಯಲ್ ಸೆಟ್ ದೀಪಗಳ ಲೈನಿನಿಂದ ನಿಮ್ಮ ಅಡಾಪ್ಟರ್ ತೆಗೆದು ಬೇರೆ ಕಡೆ ಹಾಕಿ. ಬ್ಯಾಟರಿಯಲ್ಲಿ ನಡೆಯುವ ಪೆಡಲಾದರೆ ಆ ರಾತ್ರಿಗೆ ಬ್ಯಾಟರಿಯೇ ವಾಸಿ. ಬ್ಯಾಟರಿ ಹಾಕಿದ ಪೆಡಲಿನಲ್ಲಿ ಇನ್‌ಪುಟ್ ವಯರ್ ಚುಚ್ಚಿಟ್ಟರೆ ಪೆಡಲಿನ ದೀಪ ಆರಿದ್ದರೂ ಬ್ಯಾಟರಿ ಖಾಲಿಯಾಗುತ್ತಿರುತ್ತದೆ. ಕಾರ್ಯಕ್ರಮ ಮುಗಿದ ಕೂಡಲೇ ವಯರ್ ಎಳೆದುಬಿಡಿ.

ನಮ್ಮ ತೇವದ ಗಾಳಿಗೆ ನಾಬ್‌ಗಳು ಕರಕರ ಅನ್ನಲು ಶುರು ಮಾಡುತ್ತವೆ. ನಾಬನ್ನು ಹತ್ತಿಪ್ಪತ್ತು ಸಲ ಎರಡೂ ಕಡೆ ತಿರುಗಿಸಿ. ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ. ಜೂನ್ ಬರುವ ಮೊದಲು ಪೆಡಲನ್ನು ಮುಚ್ಚಳ ಗಟ್ಟಿ ಇರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬ್ಯಾಟರಿ ತೆಗೆದೇ ಇಡಬೇಕು. ನಾನು ಒಂದು ವರ್ಷ ಮರೆತೆ. ಚೌತಿಯ ಕಾರ್ಯಕ್ರಮಕ್ಕೆ ಅಂತ ತೆಗೆದು ನೋಡಿದರೆ ಬ್ಯಾಟರಿ ಸೋರಿ ಒಳಗೆಲ್ಲ ಹಸಿರು. ಆ ಪೆಡಲ್ ಈಗಲೂ ಉಂಟು. ಮಳೆಗಾಳಿಗೆ ಕಿಟಕಿ ಬಡಿಯದ ಹಾಗೆ ಅಡ್ಡ ಇಟ್ಟಿದ್ದೇನೆ.