ಕಾರ್ಡಿಫ್‌ಗೆ ಹೊಸದಾಗಿ ಬರುವವರಿಗೆ: ಈ ಊರಿನ ಎರಡು ಹೆಸರು

ಲಂಡನ್ನಿನಿಂದ ರೈಲಿನಲ್ಲಿ ಬರುತ್ತಿದ್ದೀರಾ? ಬೋರ್ಡಿನಲ್ಲಿ ‘ಕೈರ್‌ಡೀದ್’ ಎಂದು ಕಂಡರೆ ‘ಇದ್ಯಾವ ಊರಪ್ಪಾ’ ಅಂತ ಕೂತುಬಿಡಬೇಡಿ, ಇಳಿಯಿರಿ. ಇದು ವೇಲ್ಸ್‌ನ ರಾಜಧಾನಿ, ಇಲ್ಲಿಯವರ ವೆಲ್ಷ್ ಭಾಷೆಯಲ್ಲಿ ಕಾರ್ಡಿಫ್ ಅಂದರೆ ಅದೇ. ಕೊನೆಯಲ್ಲಿ ಎರಡು ‘ಡಿ’ ಬರೆದಿದ್ದರೂ ಉಚ್ಚಾರ ಇಂಗ್ಲಿಷಿನ ‘ದಿಸ್’ನಲ್ಲಿ ಬರುವಂಥ ದ. ಒತ್ತು ‘ಡೀ’ ಮೇಲೆ.

‘ಕೈರ್’ ಅಂದರೆ ಕೋಟೆ. ‘ಡೀದ್’ ಅಂದರೆ ಹಗಲು ಎಂದು ನಿಘಂಟಿನಲ್ಲಿ ನೋಡಿ, ಇದು ಹಗಲುಕೋಟೆ ಅಂತ ಊರಿಗೆ ಫೋನ್ ಮಾಡಿ ಜಂಬ ಕೊಚ್ಚಿದವನು ನಾನು. ತಪ್ಪು! ಅಲ್ಲಿರುವುದು ಊರ ನಡುವೆ ಹರಿಯುವ ಟ್ಯಾಫ್ ನದಿಯ ಹೆಸರು. ರೋಮನ್ನರ ಕೋಟೆ ಇದ್ದ ಜಾಗದಲ್ಲೇ ಈಗಿನ ಕ್ಯಾಸಲ್ ಇದೆ. ಹಳೆಯ ರೂಪ ‘ಕೈರ್‌ಡಿವ್’, ಅಂದರೆ ಟ್ಯಾಫ್ ದಂಡೆಯ ಕೋಟೆ. ವೆಲ್ಷ್ ಬಾಯಲ್ಲಿ ಆ ‘ವ್’ ಸವೆದು ‘ದ್’ ಆಯಿತು. ಇಂಗ್ಲಿಷ್ ಹೆಸರಿನ ಬಾಲದಲ್ಲಿ ಮಾತ್ರ ಹಳೆಯದರ ಗುರುತು ‘ಫ್’ ಆಗಿ ಉಳಿದಿದೆ.

ಎರಡಕ್ಕೂ ಬೇರು ಒಂದೇ, ನಮ್ಮ ಮಡಿಕೇರಿ–ಮರ್ಕೆರಾ ಇದ್ದಂತೆ. ಪಕ್ಕದ ಸ್ವಾನ್ಸಿಯದು ಹಾಗಲ್ಲ. ವೆಲ್ಷ್‌ನಲ್ಲಿ ಅದು ‘ಅಬೆರ್‌ಟಾವೆ’, ಟಾವೆ ನದಿ ಸಮುದ್ರ ಸೇರುವ ಜಾಗ. ಮಂಗಳೂರು–ಕುಡ್ಲದ ಹಾಗೆ ಎರಡೂ ಬೇರೆ ಬೇರೆ ಹೆಸರು.

ಇನ್ನು ಎಲ್ಲರನ್ನೂ ಸುಸ್ತು ಮಾಡುವ ವಿಷಯ. ಸ್ವಾಗತದ ಫಲಕದಲ್ಲಿ ‘ಕ್ರೋಯ್ಸೊ ಇ ಗೈರ್‌ಡೀದ್’ ಎಂದಿರುತ್ತದೆ. ‘ಕ’ ಎಲ್ಲಿ ಹೋಯಿತು? ಇಂಗ್ಲಿಷಿನವರು ತಲೆ ಕೆರೆದುಕೊಳ್ಳಲಿ, ನಮಗೆ ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವುದು ಗೊತ್ತಲ್ಲ. ಶಾಲೆಯ ಆದೇಶ ಸಂಧಿ ನೆನೆಸಿಕೊಳ್ಳಿ: ಕ, ತ, ಪಗಳಿಗೆ ಗ, ದ, ಬ. ‘ಇ’ ಅಂದರೆ ‘ಗೆ’, ಅದು ಹೆಸರಿಗಿಂತ ಮೊದಲು ಬಂದರೆ ಇಲ್ಲೂ ಬಹುಮಟ್ಟಿಗೆ ಹಾಗೇ. ಪಾಂಟಿಪ್ರೀದ್ ಊರಿಗೆ ಹೋಗುವಾಗ ಅದು ಬಾಂಟಿಪ್ರೀದ್. ‘ಕಾರ್ಡಿಫ್‌ನಲ್ಲಿ’ ಅನ್ನಬೇಕಾದರೆ ಮಾತ್ರ ‘ಕ’ ಮೂಗಿಗೇರಿ ‘ಙ’ಗೆ ಹತ್ತಿರದ ಸದ್ದಾಗುತ್ತದೆ. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ತಿದ್ದಿ ಮರೆತ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು!

ಬಸ್ಸಿನಲ್ಲಿ, ಅಂಗಡಿಯಲ್ಲಿ ಕಾರ್ಡಿಫ್ ಅಂದರೆ ಸಾಕು, ಯಾರೂ ಪರೀಕ್ಷೆ ಮಾಡುವುದಿಲ್ಲ. ಸರ್ಕಾರಿ ಕಾಗದ ಪೂರ್ತಿ ವೆಲ್ಷ್‌ನಲ್ಲಿ ಬಂದಂತೆ ಕಂಡರೆ ಗಾಬರಿಯಾಗಬೇಡಿ. ಹಾಳೆ ತಿರುಗಿಸಿ, ಹಿಂದೆ ಇಂಗ್ಲಿಷ್ ಇರುತ್ತದೆ.