ಸೋನಾರ್ ಮುಂದೆ ಕೂತು ನಾನು ಕಲಿತಿದ್ದು

ನೌಕಾಪಡೆಯಲ್ಲಿ ಸೋನಾರ್ (ನೀರಿನೊಳಗೆ ಶಬ್ದದಿಂದಲೇ ಹಡಗು, ಸಬ್‌ಮರೀನ್ ಪತ್ತೆ ಹಚ್ಚುವ ಯಂತ್ರ) ಆಪರೇಟರ್ ಆಗಿದ್ದೆ ಅಂದರೆ ಎಲ್ಲರಿಗೂ ಆ ಪಿಂಗ್ ಶಬ್ದವೇ ನೆನಪಾಗುತ್ತದೆ. ಆದರೆ ಪಿಂಗ್ ಕಳಿಸಿದ್ದಕ್ಕಿಂತ ಕಿವಿಗೊಟ್ಟು ಕೂತಿದ್ದೇ ಜಾಸ್ತಿ. ನಮ್ಮ ಪಿಂಗ್ ಗುರಿಗೆ ತಾಗಿ ವಾಪಸ್ ಬರಬೇಕು, ಅದೇ ಎದುರಿನವನ ಕಿವಿಗೆ ಒಂದೇ ದಾರಿಯಲ್ಲಿ ಹೋಗಿ ಬಿದ್ದರೆ ಸಾಕು. ಹಾಗಾಗಿ ನಮಗೆ ಅವನು ಸಿಗುವ ಮೊದಲೇ ನಾವು ಅವನಿಗೆ ಸಿಕ್ಕಿರುತ್ತೇವೆ.

ಶುರುವಿನಲ್ಲಿ ಸಮುದ್ರದ ಗಲಾಟೆಯೇ ತಲೆ ಕೆಡಿಸಿತ್ತು. ಬೆಚ್ಚಗಿನ, ಆಳ ಕಡಿಮೆ ಇರುವ ನೀರಿನಲ್ಲಿ ಹೆಡ್‌ಫೋನ್ ತುಂಬ ಚಟಪಟ, ಸಾಸಿವೆ ಸಿಡಿದ ಹಾಗೆ. ಯಂತ್ರ ಕೆಟ್ಟಿದೆ ಅಂದುಕೊಂಡೆ. ಅದು ಒಂದು ಜಾತಿಯ ಸಿಗಡಿಯಂತೆ! ಇಕ್ಕಳದಂಥ ಮುಂಗಾಲನ್ನು ಚಟ್ಟನೆ ಮುಚ್ಚುತ್ತದೆ, ಆಗ ಹುಟ್ಟುವ ಗುಳ್ಳೆ ಒಡೆದ ಸದ್ದು ಅದು.

ಆಮೇಲೆ ಹಡಗನ್ನು ಮುಂದೆ ತಳ್ಳುವ ಪ್ರೊಪೆಲರ್‌ನ ಸುತ್ತು ಎಣಿಸುವುದು. ಎಲ್ಲ ಬ್ಲೇಡಿನ ಪೆಟ್ಟೂ ಒಂದೇ ಸಮ ಇರುವುದಿಲ್ಲ, ಸಾಮಾನ್ಯವಾಗಿ ಒಂದರದ್ದು ಸ್ವಲ್ಪ ಜೋರು. ಜೋರು ಪೆಟ್ಟಿನಿಂದ ಮುಂದಿನ ಜೋರು ಪೆಟ್ಟಿಗೆ ಒಂದು ಸುತ್ತು. ಸ್ಟಾಪ್‌ವಾಚ್ ಹಿಡಿದು 15 ಸೆಕೆಂಡಿನಲ್ಲಿ 24 ಜೋರು ಪೆಟ್ಟು ಸಿಕ್ಕರೆ ನಿಮಿಷಕ್ಕೆ 96 ಸುತ್ತು. ಬ್ಲೇಡ್ ಎಷ್ಟು ಅನ್ನುವುದಕ್ಕೆ ನಾನು ಮನಸ್ಸಲ್ಲೇ ತಾಳ ಹಾಕುತ್ತಿದ್ದೆ: ತಕಿಟ ಕೂತರೆ ಮೂರು, ತಕಧಿಮಿ ಆದರೆ ನಾಲ್ಕು, ತಕತಕಿಟ ಆದರೆ ಐದು. ಈಗ ಪರದೆಯೇ ಲೆಕ್ಕ ಹಾಕಿ ಕೊಡುತ್ತದೆ, ನಿಜ. ಆದರೂ ಹೊಸಬರಿಗೆ ನಾನು ಮೊದಲು ಕೈಲೆಕ್ಕವನ್ನೇ ಕಲಿಸಿದ್ದು.

ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಒಂದು ಮಧ್ಯಾಹ್ನ. ನಮ್ಮದೇ ಸಬ್‌ಮರೀನ್ ಜೊತೆ ಅಭ್ಯಾಸ. ಬೆಳಿಗ್ಗೆ ಪ್ರತಿಧ್ವನಿ ಗಂಟೆ ಬಾರಿಸಿದ ಹಾಗೆ ಬರುತ್ತಿತ್ತು. ಮೂರು ಗಂಟೆಯ ಹೊತ್ತಿಗೆ ಅದೇ ಜಾಗ, ಅದೇ ಯಂತ್ರ, ಅದೇ ನಾನು, ಏನೂ ಇಲ್ಲ. ಗಾಬರಿಯಲ್ಲಿ ವಾಲ್ಯೂಮ್ ಏರಿಸುತ್ತಾ ಹೋದೆ, ಬರೀ ಗದ್ದಲ. ಹಿಂದೆ ನಿಂತಿದ್ದ ಸೀನಿಯರ್ ಹೆಗಲ ಮೇಲೆ ಕೈ ಇಟ್ಟು, "ಯಂತ್ರ ಬಿಡಪ್ಪಾ, ಮೊದಲು ನೀರು ನೋಡು" ಅಂದರು.

ತಾಪಮಾನ ಅಳೆಯುವ ಪ್ರೋಬ್ ಬಿಟ್ಟೆವು. ಕೂದಲಿನಂಥ ತೆಳು ತಂತಿ ಬಿಚ್ಚಿಕೊಳ್ಳುತ್ತಾ ಅದು ಕೆಳಗಿಳಿಯಿತು, ಪರದೆಯಲ್ಲಿ ಗೆರೆ ಮೂಡಿತು. ಬಿಸಿಲಿಗೆ ಮೇಲಿನ ಕೆಲವು ಮೀಟರ್ ನೀರು ಕಾದುಬಿಟ್ಟಿತ್ತು. ಶಬ್ದ ಬೆಚ್ಚಗಿನ ನೀರಲ್ಲಿ ವೇಗವಾಗಿ, ತಣ್ಣಗಿನದರಲ್ಲಿ ನಿಧಾನವಾಗಿ ಹೋಗುತ್ತದೆ, ಮತ್ತೆ ಯಾವಾಗಲೂ ನಿಧಾನದ ಕಡೆಗೇ ಬಾಗುತ್ತದೆ. ನಮ್ಮ ಪಿಂಗ್‌ಗಳೆಲ್ಲ ಕೆಳಕ್ಕೆ ಬಾಗಿ ಹೋಗುತ್ತಿದ್ದವು, ಮೇಲ್ಮೈಗೆ ಹತ್ತಿರದಲ್ಲೇ ಇದ್ದ ಸಬ್‌ಮರೀನ್ ಶಬ್ದ ತಲುಪದ ನೆರಳಿನಲ್ಲಿ ಕೂತಿತ್ತು. 1930ರ ದಶಕದಲ್ಲಿ ಕ್ಯೂಬಾದ ಗ್ವಾಂಟನಾಮೊ ಬಳಿ ಅಮೆರಿಕದ ನೌಕಾಪಡೆಗೂ ಹೀಗೇ ಮಧ್ಯಾಹ್ನ ಸೋನಾರ್ ಕೈಕೊಡುತ್ತಿತ್ತು ಅಂತ ಅವತ್ತೇ ಗೊತ್ತಾಗಿದ್ದು. ಆ ದಿನದಿಂದ ಪ್ರತಿ ಪಾಳಿಯಲ್ಲೂ ನಾನು ಕೂತ ತಕ್ಷಣ ಕೇಳುತ್ತಿದ್ದ ಮೊದಲ ಪ್ರಶ್ನೆ, ಕೊನೇ ಪ್ರೋಬ್ ಬಿಟ್ಟಿದ್ದು ಯಾವಾಗ ಅಂತ.

ಹಡಗನ್ನು ಹತ್ತಿರ ಒಯ್ದೆವು. ಪಿಂಗ್ ಕಳಿಸಿ ನಾಲ್ಕು ಸೆಕೆಂಡಿಗೆ ಸಣ್ಣಗೆ ಒಂದು ಪ್ರತಿಧ್ವನಿ. ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಹೋಗಿ ಬರುವ ಲೆಕ್ಕದಲ್ಲಿ 3 ಕಿಲೋಮೀಟರ್. ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದೆ. ಸುತ್ತಲಿನ ನೀರಿನ ಗುಂಯ್ ಸದ್ದಿಗಿಂತ ಅದರ ಸ್ವರ ಒಂದು ಎಳೆ ಮೇಲಿತ್ತು, ನಮ್ಮತ್ತ ಬರುವ ರೈಲಿನ ಸೀಟಿಯ ಹಾಗೆ. "ನಮ್ಮ ಕಡೆಗೇ ಬರ್ತಿದೆ ಸರ್" ಅಂದೆ.